ಫಲಿತಾಂಶದ ತಿಂಗಳು, ಲಗ್ನದ ತಿಂಗಳು

ದ್ವಿತೀಯ ಪಿಯುಸಿ ಫಲಿತಾಂಶ ಈಚಿನ ವರ್ಷಗಳಲ್ಲಿ ಏಪ್ರಿಲ್‌ನಲ್ಲೇ ಬಂದುಬಿಡುತ್ತದೆ. 2024ರಲ್ಲಿ ಏಪ್ರಿಲ್ 10ಕ್ಕೆ ಬಂತು, 2025ರಲ್ಲಿ 8ಕ್ಕೆ. ಯುಗಾದಿ ಕಳೆದು ಒಳ್ಳೆಯ ಲಗ್ನಗಳು ಕೂಡಿಬರುವುದೂ ಅದೇ ಬಿಸಿಲಿನ ದಿನಗಳಲ್ಲಿ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಹೋಬಳಿಯ ಹಳ್ಳಿಯೊಂದರಲ್ಲಿ ಹುಡುಗಿ ಮೊಬೈಲಿನಲ್ಲಿ ರಿಜಿಸ್ಟರ್ ನಂಬರು ಒತ್ತಿ ಅಂಕ ನೋಡಿಕೊಳ್ಳುವ ಹೊತ್ತಿಗೆ ಗಂಡಿನ ಕಡೆಯವರು ಒಂದು ಸಲ ಬಂದು ಕಾಫಿ ಕುಡಿದು ಹೋಗಿರುತ್ತಾರೆ. ಪದವಿ ಕಾಲೇಜಿನ ಅರ್ಜಿಗೆ ಇನ್ನೂ ಸಮಯವಿದೆ ಎಂದು ಅವಳು ಅಂದುಕೊಂಡಿದ್ದರೆ, ಅಪ್ಪ ಛತ್ರಕ್ಕೆ ಆಗಲೇ ಮುಂಗಡ ಕೊಟ್ಟಿರುತ್ತಾನೆ. ‘ಒಳ್ಳೇ ಗಂಡು ಬಂದದ, ಬುಟ್ರ ಇನ್ನೆಲ್ಲಿ ಸಿಕ್ಕದು?’ ಎಂಬ ಒಂದು ಮಾತಿಗೆ ಎದುರಾಡಲು ಅವಳ ಕೈಯಲ್ಲಿ ಏನೂ ಇರುವುದಿಲ್ಲ. ‘ಓದ್ತೀನಿ’ ಎನ್ನುತ್ತಾಳೆ. ಏನು ಓದುತ್ತೀ, ಎಲ್ಲಿ, ಎಷ್ಟು ವರ್ಷ, ಎಷ್ಟು ಖರ್ಚು, ಆಮೇಲೇನು, ಮದುವೆ ಯಾವಾಗ ಎಂದು ಸೋದರಮಾವ ಕೇಳಿದರೆ ಸುಮ್ಮನಾಗುತ್ತಾಳೆ. ಎದುರಿನವರ ಬಳಿ ದಿನಾಂಕವಿದೆ, ಅವಳ ಬಳಿ ಆಸೆ ಮಾತ್ರ ಇದೆ.

ಆ ಪ್ರಶ್ನೆಗಳಿಗೆ ಉತ್ತರ ಅವಳ ಬಾಯಲ್ಲಿ ಇರುವಂತೆ ಮಾಡುವುದೇ ಹಳ್ಳಿಯ ಹೆಣ್ಣುಮಕ್ಕಳಿಗೆ ನಾವು ಮಾಡಬಹುದಾದ ದೊಡ್ಡ ಸಹಾಯ ಎಂದು ನನಗೆ ಅನ್ನಿಸಿದೆ. ಆದರೆ ಅದಕ್ಕೆಂದು ನಾವು ಮಾಡಿಕೊಂಡಿರುವ ಏರ್ಪಾಡು ವಿಚಿತ್ರವಾಗಿದೆ. ಕಾಲೇಜಿನ ವೃತ್ತಿ ಮಾರ್ಗದರ್ಶನ ಶಿಬಿರಕ್ಕೆ ಬಂದವರು ಕೆಎಎಸ್, ಬ್ಯಾಂಕು, ಪೊಲೀಸು ಎಂದು ಹೇಳಿ ಹೋಗುತ್ತಾರೆ, ಮದುವೆಯ ಮಾತೆತ್ತುವುದಿಲ್ಲ. ಆರೋಗ್ಯ ಇಲಾಖೆಯವರು ರಕ್ತಹೀನತೆ, ಮುಟ್ಟಿನ ಶುಚಿತ್ವದ ಬಗ್ಗೆ ಹೇಳುತ್ತಾರೆ. ಕೆಲಸದ ಮಾತು ಅವರದಲ್ಲ. ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಬಾಲ್ಯವಿವಾಹ ತಪ್ಪು ಎಂಬ ಪ್ರತಿಜ್ಞೆ ಬೋಧಿಸುತ್ತದೆ. ಹದಿನೆಂಟು ತುಂಬಿದ ಮರುದಿನ ಏನು ಎಂಬುದು ಅದರ ಕಡತದಲ್ಲಿಲ್ಲ. ಇಷ್ಟೂ ಪ್ರಶ್ನೆಗಳು ಒಬ್ಬಳೇ ಹುಡುಗಿಯ ತಲೆಯಲ್ಲಿ ಒಟ್ಟಿಗೇ ಇವೆ. ನರ್ಸಿಂಗ್ ಮಾಡಿದರೆ ರಾತ್ರಿ ಪಾಳಿಗೆ ಅತ್ತೆ ಮನೆಯವರು ಬಿಡುತ್ತಾರಾ? ಬಿ.ಇಡಿ ಮುಗಿಯುವಷ್ಟರಲ್ಲಿ ಇಪ್ಪತ್ತಮೂರಾಗುತ್ತದೆ, ಆಮೇಲೆ ಗಂಡು ಸಿಗುತ್ತಾನಾ? ಮದುವೆಯಾಗಿಯೂ ಓದಬಹುದಾ, ಮೊದಲ ವರ್ಷವೇ ಮಗುವಾದರೆ? ಇವನ್ನು ಬಿಡಿಸಿ ಬೇರೆ ಬೇರೆ ಇಟ್ಟು ಉತ್ತರಿಸಲು ಬರುವುದಿಲ್ಲ.

ಗುಂಡ್ಲುಪೇಟೆಯಿಂದ ಚಾಮರಾಜನಗರದ ರಸ್ತೆಯಲ್ಲಿ ಹನ್ನೊಂದು ಹನ್ನೆರಡು ಕಿಲೋಮೀಟರ್ ಬಂದರೆ ತೆರಕಣಾಂಬಿ. ಒಂದು ಕಾಲಕ್ಕೆ ಕೋಟೆಯಿದ್ದ ಊರು. ಲಕ್ಷ್ಮೀ ವರದರಾಜಸ್ವಾಮಿ ದೇವಸ್ಥಾನ ಆ ವೈಭವದ ನೆನಪಾಗಿ ನಿಂತಿದೆ. ಈಗ ಊರಿಗೆ ತರಕಾರಿ ಮಾರುಕಟ್ಟೆಯಿಂದ ಹೆಸರು. ಟೊಮೆಟೊ, ಬೀಟ್‌ರೂಟ್, ಕೋಸು ಇಲ್ಲಿಂದ ಕಾಡಿನ ದಾರಿ ದಾಟಿ ಕೇರಳಕ್ಕೆ ಹೋಗುತ್ತವೆ. ಸುತ್ತಲಿನ ಹೊಲಗಳಲ್ಲಿ ಅರಿಶಿನ, ಈರುಳ್ಳಿ, ಬೆಳ್ಳುಳ್ಳಿ, ಬಾಳೆ, ಮಳೆಗಾಲದಲ್ಲಿ ಚೆಂಡುಹೂವು. ಕಳೆ ಕೀಳುವುದು, ಹೂ ಬಿಡಿಸುವುದು, ಅರಿಶಿನ ಆಯುವುದು ಹೆಂಗಸರ ಪಾಲು. ಶಾಲೆಗೆ ರಜೆ ಬಂದರೆ ಹುಡುಗಿಯರೂ ಜೊತೆಗೆ ಹೊರಡುತ್ತಾರೆ. ಹಾಗಾಗಿ ದುಡಿಮೆ ಎಂದರೇನೆಂದು ಇಲ್ಲಿನ ಹೆಣ್ಣುಮಕ್ಕಳಿಗೆ ಯಾರೂ ಶಿಬಿರ ಮಾಡಿ ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆ ತನ್ನ ಹೆಸರಿನ ಖಾತೆಗೆ ಬರುವ ಸಂಬಳವೊಂದೇ ಅವರಿಗೆ ಹೊಸತು.

2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 54.92. ಈಗ ಕಾಲೇಜು ಮೆಟ್ಟಿಲು ಹತ್ತುತ್ತಿರುವವಳ ತಾಯಿ ಆ ಗಣತಿಯ ಹೊತ್ತಿಗೆ ಪುಟ್ಟ ಮಗುವನ್ನು ಸಾಕುತ್ತಿದ್ದ ಸೊಸೆ. ಅಂಥ ಮನೆಯಲ್ಲಿ ಪದವಿ ಎಂದರೆ ಮೂರು ವರ್ಷ, ಆರು ಸೆಮಿಸ್ಟರ್, ಒಳ ಅಂಕ, ಇಂಟರ್ನ್‌ಶಿಪ್ ಎಂದು ವಿವರಿಸುವವರು ಯಾರು? ಅಪ್ಪ ಅಮ್ಮನಿಗೆ ಮಗಳ ಮೇಲೆ ಪ್ರೀತಿ ಕಡಿಮೆ ಎಂದೇನೂ ಅಲ್ಲ. ಮದುವೆಯ ದಾರಿ ಅವರಿಗೆ ಪ್ರತಿ ತಿರುವೂ ಗೊತ್ತಿರುವ ದಾರಿ, ಓದಿನ ದಾರಿ ಅವರು ನಡೆದೇ ನೋಡದ್ದು.

ಹೆಣ್ಣುಮಗಳು ಹೊರಗೆ ಬಂದು ದೊಡ್ಡ ಕೆಲಸ ಮಾಡುವುದು ಈ ತಾಲ್ಲೂಕಿಗೆ ಅಪರೂಪದ ಸಂಗತಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೆ.ಎಸ್. ನಾಗರತ್ನಮ್ಮ ಅವರನ್ನು ಗುಂಡ್ಲುಪೇಟೆ ಮೊದಲ ಸಲ ವಿಧಾನಸಭೆಗೆ ಕಳಿಸಿದ್ದು 1957ರಲ್ಲಿ. ಆಮೇಲೂ ಮತ್ತೆ ಮತ್ತೆ ಆರಿಸಿ ಕಳಿಸಿತು. 1972ರಿಂದ 1978ರವರೆಗೆ ಅವರು ಸ್ಪೀಕರ್ ಆಗಿದ್ದರು, ಆ ಪೀಠದಲ್ಲಿ ಕುಳಿತ ಕರ್ನಾಟಕದ ಮೊದಲ ಮಹಿಳೆ. ಓದು ಬಾರದ ಎಷ್ಟೋ ಅಜ್ಜಿಯರು ‘ನಾಗರತ್ನಮ್ಮನೋರು’ ಎಂದು ಹೆಮ್ಮೆಯಿಂದ ಹೇಳಿ ವೋಟು ಹಾಕಿದ ತಾಲ್ಲೂಕು ಇದು. 2017ರ ಉಪಚುನಾವಣೆಯಲ್ಲಿ ಇಲ್ಲಿಂದ ಗೆದ್ದ ಗೀತಾ ಮಹದೇವಪ್ರಸಾದ್ ಸಚಿವೆಯೂ ಆದರು. ಊರಿನ ಹೆಣ್ಣುಮಗಳನ್ನು ಆಳುವ ಕುರ್ಚಿಯಲ್ಲಿ ಕೂರಿಸಲು ಹಿಂಜರಿಯದ ಜನ ಮನೆಯ ಹೆಣ್ಣುಮಗಳನ್ನು ಎರಡು ವರ್ಷ ಹೆಚ್ಚಿಗೆ ಕಾಲೇಜಿಗೆ ಕಳಿಸಲು ಹಿಂಜರಿಯುತ್ತಾರೆ ಎಂದರೆ, ಕಾರಣವನ್ನು ಮನೆಯೊಳಗೇ ಹುಡುಕಬೇಕು.

ಹಾಗೆ ಮನೆಯೊಳಗೆ ಕೂತು ಹುಡುಕಿದ ಪ್ರಯತ್ನವೊಂದು ನಮ್ಮಲ್ಲೇ ನಡೆದಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಿಂದ ಹುಟ್ಟಿದ ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರಲ್ಲಿ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಶುರುವಾಯಿತು: ಬೀದರ್, ವಿಜಯಪುರ, ಮೈಸೂರು. ಚಾಮರಾಜನಗರ ಆಗ ಮೈಸೂರು ಜಿಲ್ಲೆಯೊಳಗೇ ಇತ್ತು, ಬೇರೆಯಾದದ್ದು 1997ರಲ್ಲಿ. ಸಮಖ್ಯಾದ ಕ್ರಮವೇ ಬೇರೆ. ಕಾರ್ಯಕರ್ತೆ ಹಳ್ಳಿಗೆ ಹೋಗಿ ಏನನ್ನೂ ಹಂಚುತ್ತಿರಲಿಲ್ಲ. ಸಾಲವಿಲ್ಲ, ಸೀರೆಯಿಲ್ಲ, ಹೊಲಿಗೆ ಯಂತ್ರವಿಲ್ಲ. ರಾತ್ರಿ ಊಟ ಮುಗಿದ ಮೇಲೆ ಹೆಂಗಸರ ಜೊತೆ ಕೂತು ಮಾತಾಡುವುದು, ಅವರ ಪ್ರಶ್ನೆ ಅವರ ಬಾಯಿಂದಲೇ ಬರುವತನಕ ಕಾಯುವುದು. ಸಂಘ ಕಟ್ಟಿಕೊಂಡ ತಾಯಂದಿರು ಕೆಲವು ವರ್ಷಗಳ ಮೇಲೆ ತಮ್ಮ ಹೆಣ್ಣುಮಕ್ಕಳಿಗೂ ಹೀಗೊಂದು ಕೂಟ ಬೇಕೆಂದರು. ಕಿಶೋರಿ ಸಂಘಗಳು ಬಂದವು. ಶಾಲೆ ಬಿಟ್ಟ ಹುಡುಗಿಯರಿಗೆ ವಸತಿಯ ಜೊತೆ ಓದು ಕಲಿಸುವ ಮಹಿಳಾ ಶಿಕ್ಷಣ ಕೇಂದ್ರಗಳು ನಡೆದವು. 2016ರ ಹೊತ್ತಿಗೆ ಕೇಂದ್ರದ ನೆರವು ನಿಂತಿತು. ಸ್ತ್ರೀಶಕ್ತಿ ಗುಂಪು, ಸಂಜೀವಿನಿ ಒಕ್ಕೂಟಗಳು ಈಗ ಇವೆ, ಉಳಿತಾಯ ಸಾಲದ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿವೆ. ಆದರೆ ತಾಯಿ ಮಗಳನ್ನು ಒಟ್ಟಿಗೆ ಕೂರಿಸಿ, ಹಣದ ಲೆಕ್ಕವಿಲ್ಲದೆ, ಬದುಕಿನ ಮಾತಾಡಿಸುತ್ತಿದ್ದ ಜಾಗ ಇಲ್ಲವಾಯಿತು. ನನ್ನ ಮಟ್ಟಿಗೆ ಈ ಇಪ್ಪತ್ತು ವರ್ಷಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಆದ ದೊಡ್ಡ ನಷ್ಟಗಳಲ್ಲಿ ಅದೂ ಒಂದು.

ಕಾನೂನು ತನ್ನ ಕೆಲಸ ಮಾಡಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದುಕೊಂಡ ತಿದ್ದುಪಡಿಯಿಂದಾಗಿ, ಇಲ್ಲಿ ಹದಿನೆಂಟರೊಳಗಿನ ಹುಡುಗಿಯ ಮದುವೆ ಮೊದಲಿನಿಂದಲೇ ಅಸಿಂಧು. ಬೇರೆ ರಾಜ್ಯಗಳಲ್ಲಿ ಸಾಮಾನ್ಯವಾಗಿ ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹದಿನೆಂಟರೊಳಗಿನ ಹೆಂಡತಿಯ ಜೊತೆಗಿನ ದೈಹಿಕ ಸಂಬಂಧವೂ ಅತ್ಯಾಚಾರವೇ ಎಂದಿತು. 1098ಕ್ಕೆ ಒಂದು ಫೋನು ಸಾಕು, ಮದುವೆ ನಿಲ್ಲುತ್ತದೆ. ಹೀಗಿದ್ದೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ನೋಡಿ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರ ಪೈಕಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು 2015–16ರಲ್ಲಿ ಶೇ 21.4. 2019–21ರಲ್ಲಿ ಶೇ 21.3. ಐದು ವರ್ಷಕ್ಕೆ ಒಂದು ಕೂದಲೆಳೆ. ಹೆಚ್ಚು ಕಡಿಮೆ ಐವರಲ್ಲಿ ಒಬ್ಬಳು. ಅಂಥವಳು ಬಸುರಿಯಾಗಿ ತಾಯಿ ಕಾರ್ಡ್ ಮಾಡಿಸಲು ಹೋದರೆ ವಯಸ್ಸು ಬರೆಯಬೇಕು, ಬರೆದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು. ಗಂಡ ಜೈಲಿಗೆ ಹೋದಾನೆಂಬ ಹೆದರಿಕೆಯಿಂದ ಆಸ್ಪತ್ರೆಯನ್ನೇ ತಪ್ಪಿಸಿದರೆ ಜೀವಕ್ಕೆ ಕುತ್ತು. ಮದುವೆಯ ದಿನ ಇದನ್ನೆಲ್ಲ ಯಾರೂ ಅವಳ ಅಪ್ಪನಿಗೆ ಹೇಳಿರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಹದಿನೆಂಟರದೇ. ಕಾನೂನು ಅದನ್ನು ಕನಿಷ್ಠ ವಯಸ್ಸು ಎಂದು ಬರೆದಿದೆ. ಮನೆಗಳಲ್ಲಿ ಅದು ಗಡುವಾಗಿಬಿಟ್ಟಿದೆ. ‘ಹದಿನೆಂಟ್ ತುಂಬ್ತು ಕನಾ, ಇನ್ನೇನ್ ಕಾಯದು’ ಎನ್ನುತ್ತಾರೆ. ಭಾಗ್ಯಲಕ್ಷ್ಮಿ ಯೋಜನೆಯ ಬಾಂಡ್ ಇದಕ್ಕೆ ಸರಿಯಾದ ಉದಾಹರಣೆ. 2006ರ ಮಾರ್ಚ್ 31ರ ನಂತರ ಬಡ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿಗೆ ಸರ್ಕಾರ ಠೇವಣಿ ಇಟ್ಟಿತು. ಮೊದಲು 10,000 ರೂಪಾಯಿ, 2008ರ ನಂತರ ಮೊದಲ ಮಗುವಿಗೆ 19,300. ಹದಿನೆಂಟು ತುಂಬಿದ ಮೇಲೆ ಸುಮಾರು 1 ಲಕ್ಷ ರೂಪಾಯಿ, ಆರಂಭದ ತಂಡದವರಿಗೆ ಅದಕ್ಕಿಂತ ಕಡಿಮೆ. ಮಗಳು ಎಂಟನೇ ತರಗತಿವರೆಗಾದರೂ ಓದಿರಬೇಕು, ಹದಿನೆಂಟಕ್ಕೆ ಮೊದಲು ಮದುವೆ ಮಾಡಿರಬಾರದು ಎಂಬ ಕಟ್ಟಳೆ. ಎಷ್ಟೋ ಹುಡುಗಿಯರನ್ನು ಹದಿನಾರರ ಮದುವೆಯಿಂದ ಉಳಿಸಿದ ಕಟ್ಟಳೆಯೆಂದು ಅದಕ್ಕೆ ಗೌರವ ಸಲ್ಲಬೇಕು. ಆ ಮೊದಲ ತಂಡಕ್ಕೆ 2024ರಲ್ಲಿ ಹದಿನೆಂಟು ತುಂಬಿತು. ಬಾಂಡ್‌ಗಳು ಈಗ ವರ್ಷ ವರ್ಷ ಕೈಗೆ ಬರುತ್ತಿವೆ, ಬರುವುದು ಸರಿಯಾಗಿ ಪಿಯುಸಿ ಮುಗಿಯುವ ವಯಸ್ಸಿನಲ್ಲಿ. ಮನೆಯವರು ಮೊದಲಿನಿಂದಲೂ ಅದನ್ನು ‘ಮದುವೆ ದುಡ್ಡು’ ಎಂದೇ ಎಣಿಸಿಕೊಂಡು ಬಂದಿದ್ದಾರೆ. ಬಾಂಡ್ ಇರುವುದು ಹುಡುಗಿಯ ಹೆಸರಿನಲ್ಲಿ, ಹಣ ಸೇರಬೇಕಾದ್ದು ಅವಳ ಖಾತೆಗೆ. ಪದವಿಯ ಮೂರೂ ವರ್ಷದ ಫೀಸು, ಪುಸ್ತಕ, ಮೈಸೂರಿನ ಪಿ.ಜಿ. ಬಾಡಿಗೆ, ಕಂಪ್ಯೂಟರ್ ತರಬೇತಿಗೆ ಅಷ್ಟು ಹಣ ಬಹಳ ದೂರ ಬರುತ್ತದೆ. ಛತ್ರದ ಒಂದು ದಿನದ ಊಟಕ್ಕೆ ಅದು ಮಧ್ಯಾಹ್ನದೊಳಗೆ ಮುಗಿಯುತ್ತದೆ. ಅಂಗನವಾಡಿ ಮೇಲ್ವಿಚಾರಕಿ ಬಾಂಡಿನ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಆ ಹತ್ತು ನಿಮಿಷದಲ್ಲಿ ಹುಡುಗಿಯನ್ನು ಪಕ್ಕಕ್ಕೆ ಕರೆದು ‘ಇದು ನಿನ್ನ ದುಡ್ಡು ಮಗಳೇ, ಏನು ಮಾಡ್ಬೇಕು ಅಂತಿದ್ದೀಯ?’ ಎಂದು ಕೇಳುವುದಾದರೆ ಎಂಥ ಒಳ್ಳೆಯ ಆಪ್ತ ಸಲಹೆಯಾದೀತು!

ಹೆಣ್ಣುಮಕ್ಕಳ ಓದು ನಿಲ್ಲುವುದು ಬಡತನದಿಂದ ಎಂದು ವರದಿಗಳು ಹೇಳುತ್ತವೆ. ಹಳ್ಳಿಯಲ್ಲಿ ಕೂತು ಮಾತಾಡಿದರೆ ಬಡತನಕ್ಕಿಂತ ಮೊದಲು ಬರುವುದು ಭಯ. ಬಸ್‌ಸ್ಟ್ಯಾಂಡಿನಲ್ಲಿ ಯಾರ ಜೊತೆ ನಿಂತಿದ್ದಳು, ಫೋನಿನಲ್ಲಿ ಯಾರದು, ಬೇರೆ ಜಾತಿಯ ಹುಡುಗನಾದರೆ ಊರಿನಲ್ಲಿ ತಲೆ ಎತ್ತುವುದು ಹೇಗೆ. ಈ ಭಯವನ್ನು ಮೌಢ್ಯವೆಂದು ತಳ್ಳಿ ಭಾಷಣ ಮಾಡಿದರೆ ಅಪ್ಪ ಎದ್ದು ಹೋಗುತ್ತಾನೆ, ಮದುವೆ ಇನ್ನೂ ಬೇಗ ಗೊತ್ತಾಗುತ್ತದೆ. ಜಾತಿಯ ಕಟ್ಟು ಅನ್ಯಾಯದ್ದು, ಅದನ್ನು ಅನ್ಯಾಯವೆಂದೇ ಹೇಳಬೇಕು. ಅದರ ಜೊತೆಗೆ, ಹದಿನೇಳರ ಮಗಳಿಗೆ ಮನಸ್ಸಿನಲ್ಲಿ ಏನಾದರೂ ಇದ್ದರೆ ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಇರಬೇಕು ಎಂಬುದನ್ನೂ ಹೇಳಬೇಕು. ದೊಡ್ಡಮ್ಮನೋ ಚಿಕ್ಕಮ್ಮನೋ ಅತ್ತಿಗೆಯೋ. ಹೇಳಿದ ಕೂಡಲೇ ಕಾಲೇಜು ಬಿಡಿಸುವುದಿಲ್ಲ ಎಂಬ ಭರವಸೆ ಸಿಕ್ಕರೆ ಅವಳು ಹೇಳುತ್ತಾಳೆ. ಸಿಗದಿದ್ದರೆ ಹೇಳುವುದಿಲ್ಲ, ಒಂದು ದಿನ ಕಾಣದಾಗುತ್ತಾಳೆ. ಓಡಿಹೋದ ಬಹುಪಾಲು ಕತೆಗಳ ಹಿಂದೆ ಆತುರದಲ್ಲಿ ಗೊತ್ತುಮಾಡಿದ ಮದುವೆಯೊಂದು ಇರುತ್ತದೆ ಎಂಬುದನ್ನು ಊರಿನ ಹಿರಿಯರೇ ಒಪ್ಪುತ್ತಾರೆ.

ದಾರಿ ಮೊದಲಿಗಿಂತ ಸಲೀಸಾಗಿದೆ, ಅದನ್ನು ಮರೆಯಬಾರದು. ಪದವಿಪೂರ್ವ ಕಾಲೇಜೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜೂ ತೆರಕಣಾಂಬಿಯಲ್ಲೇ ಇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಗುಂಡ್ಲುಪೇಟೆ, ಚಾಮರಾಜನಗರ, ನಂಜನಗೂಡು, ಮೈಸೂರು ಇವೆಲ್ಲ ಒಂದು ಆಧಾರ್ ಕಾರ್ಡಿನ ದೂರ. ಜಿಲ್ಲಾ ಕೇಂದ್ರದಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. ಸರ್ಕಾರಿ ಶಾಲೆ ಕಾಲೇಜಿನಲ್ಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಪದವಿ ಅಥವಾ ಡಿಪ್ಲೊಮಾಕ್ಕೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳಿವೆ.

ಈ ದಾರಿಯಲ್ಲಿ ಹುಡುಗಿಯರು ಎಡವುವುದು ಹೆಚ್ಚಾಗಿ ಕಾಗದಪತ್ರಗಳಲ್ಲಿ. ಸರ್ಕಾರಿ ನೇರ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ 33 ಮೀಸಲಿದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಸಿಇಟಿ ಸೀಟು ಹಂಚಿಕೆಯಲ್ಲೂ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ತೆರಕಣಾಂಬಿಯ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿ ಇವೆಲ್ಲದಕ್ಕೂ ಅರ್ಹಳಾಗಬಹುದು. ಆದರೆ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಓದಿದ ಶಾಲೆಗಳಿಂದ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತರಬೇಕು. ಆಧಾರಿನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಮೊದಲೇ ಸರಿಪಡಿಸಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ದಾಟುತ್ತದೆ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ಇವೆಲ್ಲ ಒಂದು ಫೈಲಿನಲ್ಲಿ ಸೇರಿರಬೇಕು. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂಬ ಕಾನೂನು ಎಲ್ಲಿಯೂ ಇಲ್ಲ ಎಂದು ಗೊತ್ತಿದ್ದರೆ ಇನ್ನೊಂದು ಸುತ್ತಿನ ತಾಪತ್ರಯವೂ ತಪ್ಪುತ್ತದೆ. ಹುಡುಗಿಯರಿಗೆ ಧೈರ್ಯ ತುಂಬುವ ಭಾಷಣಗಳನ್ನು ನಾವು ಸಾಕಷ್ಟು ಮಾಡಿದ್ದೇವೆ. ಈ ಫೈಲನ್ನು ಕೂಡಿಸಿಕೊಟ್ಟ ಮೇಷ್ಟ್ರೊಬ್ಬರು ಮಾಡಿದ ಉಪಕಾರ ಅದಕ್ಕಿಂತ ದೊಡ್ಡದು.

ಎಲ್ಲರಿಗೂ ಸರ್ಕಾರಿ ಕೆಲಸ ಸಿಗುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ನಂಜನಗೂಡಿನ ಕಾರ್ಖಾನೆಗಳು, ಚಾಮರಾಜನಗರದ ಹತ್ತಿರದ ಬದನಗುಪ್ಪೆ ಕೈಗಾರಿಕಾ ಪ್ರದೇಶ, ಗಾರ್ಮೆಂಟ್ಸು, ಬೆಂಗಳೂರಿನ ಆಚೆ ದೇವನಹಳ್ಳಿಯ ಫೋನು ಜೋಡಿಸುವ ಫ್ಯಾಕ್ಟರಿ, ಇವೆಲ್ಲ ಹಳ್ಳಿಯ ಹುಡುಗಿಯರನ್ನು ಕರೆಯುತ್ತಿವೆ. ಅಲ್ಲಿ ಮದುವೆ ಎಂಬುದು ಬೇರೆಯದೇ ರೀತಿಯಲ್ಲಿ ಅಡ್ಡ ಬರುತ್ತದೆ. ತಮಿಳುನಾಡಿನ ಶ್ರೀಪೆರಂಬುದೂರಿನ ಐಫೋನ್ ಘಟಕದಲ್ಲಿ ಮದುವೆಯಾದ ಹೆಂಗಸರನ್ನು ಜೋಡಣೆ ಕೆಲಸದಿಂದ ದೂರವಿಡಲಾಗುತ್ತಿತ್ತು ಎಂದು 2024ರ ಜೂನ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಅದೇ ವರ್ಷದ ಫೆಬ್ರುವರಿಯಲ್ಲಿ, ಮದುವೆಯಾದಳೆಂಬ ಕಾರಣಕ್ಕೆ 1988ರಲ್ಲಿ ಸೇನೆಯ ನರ್ಸಿಂಗ್ ಸೇವೆಯಿಂದ ತೆಗೆದುಹಾಕಿದ್ದ ಮಹಿಳೆಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಲು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಆ ನಿಯಮ ಲಿಂಗ ತಾರತಮ್ಯದ್ದು ಎಂದಿತ್ತು. ಕೆಲಸಕ್ಕೆ ಸೇರುವ ಹುಡುಗಿಗೆ ಇದು ಗೊತ್ತಿರಬೇಕು. ಮೊದಲ ಎರಡು ಹೆರಿಗೆಗೆ ಸಂಬಳದ ಸಮೇತ 26 ವಾರಗಳ ರಜೆ 2017ರಿಂದ ಹಕ್ಕು, ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂಬುದೂ ಗೊತ್ತಿರಬೇಕು. ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂಬುದರ ಜೊತೆಗೆ ಇದನ್ನೂ ಹೇಳಿಕೊಡುವ ವೃತ್ತಿ ಮಾರ್ಗದರ್ಶನ ನಮ್ಮ ಕಾಲೇಜುಗಳಲ್ಲಿ ವಿರಳ.

ಈಗ ಸಂಸಾರದ ವಿಷಯ. ನಮ್ಮ ರಾಜ್ಯದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ 1.7 ಮಕ್ಕಳು. ಚಿಕ್ಕ ಕುಟುಂಬ ಬೇಕೆಂಬುದನ್ನು ಯಾರಿಗೂ ಹೊಸದಾಗಿ ಒಪ್ಪಿಸಬೇಕಾಗಿಲ್ಲ, ಅದು ನಮ್ಮ ಅಮ್ಮಂದಿರ ಕಾಲಕ್ಕೇ ಮುಗಿದ ಚರ್ಚೆ. ಪ್ರಶ್ನೆಯಿರುವುದು ಆ ಮಕ್ಕಳು ಯಾವಾಗ ಎಂಬುದರಲ್ಲಿ. ಹತ್ತೊಂಬತ್ತಕ್ಕೆ ಮದುವೆ, ವರ್ಷದೊಳಗೆ ‘ಏನೂ ವಿಶೇಷ ಇಲ್ವಾ’ ಎಂಬ ವಿಚಾರಣೆ, ಇಪ್ಪತ್ತಕ್ಕೆ ಮೊದಲ ಹೆರಿಗೆ, ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಎರಡನೆಯದು, ಅದರ ಬೆನ್ನಿಗೇ ಆಪರೇಷನ್. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರ ಪೈಕಿ ಶೇ 57.4 ಮಂದಿ ಈ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಪಾಲು ಸೊನ್ನೆಯ ಆಸುಪಾಸು. ಹೀಗೆ ಓದು, ತರಬೇತಿ, ಮೊದಲ ಕೆಲಸ ಎಲ್ಲ ಆಗಬೇಕಾದ ಐದಾರು ವರ್ಷಗಳಲ್ಲೇ ಇಡೀ ತಾಯ್ತನ ತುರುಕಿಕೊಂಡು ಕೂರುತ್ತದೆ. ಇಪ್ಪತ್ತೈದಕ್ಕೆ ಅವಳ ಹೆರಿಗೆಯ ಅಧ್ಯಾಯ ಮುಗಿದಿರುತ್ತದೆ, ದುಡಿಮೆಯ ಅಧ್ಯಾಯ ಶುರುವೇ ಆಗಿರುವುದಿಲ್ಲ.

ನಡುವೆ ಅಂತರ ಕೊಡುವ ಸಾಧನಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುವಂಥವು. ಮೂರು ತಿಂಗಳಿಗೊಮ್ಮೆ ಹಾಕಿಸುವ ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ, ಐದು ಮತ್ತು ಹತ್ತು ವರ್ಷದ ಕಾಪರ್-ಟಿ, ನಿರೋಧ್. ಎಲ್ಲ ಉಚಿತ. ಕಾಪರ್-ಟಿ ಹಾಕಿಸಿದರೆ ಮುಂದೆ ಮಕ್ಕಳೇ ಆಗುವುದಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಅದು ಸುಳ್ಳು, ತೆಗೆಸಿದ ಮೇಲೆ ಬಸಿರು ನಿಲ್ಲಲು ಅಡ್ಡಿಯಿಲ್ಲ. ಆಶಾ ಕಾರ್ಯಕರ್ತೆಯರು ಈ ಮಾತನ್ನು ಹೇಳುತ್ತಾರೆ, ಆದರೆ ಹೆಚ್ಚಾಗಿ ಮೊದಲ ಹೆರಿಗೆಯ ನಂತರ. ಮೊದಲ ಮಗುವನ್ನೇ ಎರಡು ವರ್ಷ ಮುಂದೂಡುವ ಮಾತನ್ನು ಹೊಸ ಸೊಸೆಗೆ ಹೇಳಿದರೆ ಅತ್ತೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಹದಿಹರೆಯದವರಿಗೆಂದೇ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ. ಮದುವೆಗೆ ಮುಂಚೆ ಅಲ್ಲಿಗೆ ಹೋದರೆ ನೋಡಿದವರು ಏನಂದಾರು ಎಂಬ ಅಳುಕು. ಇನ್ನು ರಕ್ತದ ಮಾತು. ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಮೈಯಲ್ಲಿ ರಕ್ತವಿಲ್ಲದ ಇಪ್ಪತ್ತರ ಹುಡುಗಿ ಸುಸ್ತು ಸುಸ್ತೆಂದು ಪುಸ್ತಕ ಮಡಚಿಟ್ಟರೆ ಅದನ್ನು ಓದಿನ ಮೇಲಿನ ನಿರಾಸಕ್ತಿ ಎಂದು ಬಗೆಯುತ್ತೇವೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗುವುದೂ ಅವಳ ಮುಂದಿನ ಕೆಲಸದ ತಯಾರಿಯೇ.

ಈಗಾಗಲೇ ಮದುವೆಯಾಗಿ ಮಕ್ಕಳಾದವರನ್ನು ಈ ಮಾತಿನಿಂದ ಹೊರಗಿಡುವುದು ದೊಡ್ಡ ತಪ್ಪು. ಇಪ್ಪತ್ತೈದರ ತಾಯಿಗೆ ಮುಂದೆ ಮೂವತ್ತೈದು ವರ್ಷದ ದುಡಿಮೆ ಇದೆ. ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೊಂದೇ ಅವಳನ್ನು ಹಿಡಿದು ನಿಲ್ಲಿಸಿರುವುದು. ಮೂರು ದಾಟಿದ ಮಕ್ಕಳಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕವರಿಗಾಗಿ 2023–24ರಲ್ಲಿ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು, ನರೇಗಾ ಕೂಲಿಗೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು. ಈಚಿನ ಯೋಜನೆಗಳಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಇದು. ಅದರ ಸಮಯ ಫ್ಯಾಕ್ಟರಿ ಬಸ್ಸಿಗೂ ಕಾಲೇಜಿನ ಗಂಟೆಗೂ ಹೊಂದುವಂತಾದರೆ ಎಷ್ಟೋ ಹೆಂಗಸರು ಮನೆಯಿಂದ ಹೊರಡುತ್ತಾರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಿಂದ ಮನೆಯಲ್ಲೇ ಕೂತು ಪದವಿ ಪಡೆಯಬಹುದು. ಪದವಿಯನ್ನು ಎರಡನೇ ವರ್ಷಕ್ಕೆ ಬಿಟ್ಟು ಮದುವೆಯಾದವರು ಈ ಭಾಗದಲ್ಲಿ ಎಷ್ಟಿಲ್ಲ? ಬಾಕಿ ಉಳಿದ ವಿಷಯಗಳನ್ನು ಕಟ್ಟಿ ಮುಗಿಸಲು ಇನ್ನೂ ಅವಕಾಶವಿದೆಯೇ ಎಂದು ಅವರ ಪರವಾಗಿ ಒಬ್ಬರು ಕಾಲೇಜಿಗೆ ಹೋಗಿ ವಿಚಾರಿಸಿದರೂ ಸಾಕು.

ನನ್ನದೊಂದು ಸೂಚನೆ ಇದೆ. ಫಲಿತಾಂಶ ಬರುವತನಕ ಕಾಯದೆ ಡಿಸೆಂಬರ್ ಜನವರಿಯಲ್ಲೇ, ಸಂತೆಯಿಲ್ಲದ ಒಂದು ದಿನ ನೋಡಿ, ತೆರಕಣಾಂಬಿಯ ಕಾಲೇಜಿನಲ್ಲಿ ಪಿಯುಸಿ ಹುಡುಗಿಯರನ್ನು ಅವರ ತಾಯಂದಿರ ಜೊತೆ ಕರೆಯಬೇಕು. ಅಲ್ಲಿ ಉಪನ್ಯಾಸಕರ ಪಕ್ಕದಲ್ಲೇ ಆರೋಗ್ಯ ಕೇಂದ್ರದ ನರ್ಸು, ನಾಡಕಚೇರಿಯ ಗುಮಾಸ್ತ, ಬ್ಯಾಂಕಿನವರು, ಅಂಗನವಾಡಿ ಮೇಲ್ವಿಚಾರಕಿ ಕೂತಿರಬೇಕು. ಎಲ್ಲರಿಗಿಂತ ಮುಖ್ಯವಾಗಿ, ಇದೇ ಹೋಬಳಿಯಿಂದ ಹೋಗಿ ಪೊಲೀಸ್ ಕಾನ್‌ಸ್ಟೆಬಲ್ಲೋ ನರ್ಸೋ ಗ್ರಾಮ ಆಡಳಿತ ಅಧಿಕಾರಿಯೋ ಆಗಿ, ಮದುವೆಯಾಗಿ ಮಕ್ಕಳನ್ನೂ ಸಾಕುತ್ತಿರುವ ನಾಲ್ಕು ಹೆಣ್ಣುಮಕ್ಕಳು ಬಂದಿರಬೇಕು. ದೂರದ ಸಾಧಕಿಯ ಕತೆ ಕೇಳಿದ ತಾಯಿ ‘ಅವರದ ಬೇರೆ’ ಅಂದುಬಿಡುತ್ತಾಳೆ. ಪಕ್ಕದ ಊರಿನ, ತನ್ನ ಹಾಗೆಯೇ ಕಳೆ ಕಿತ್ತ ಮನೆಯ ಹುಡುಗಿ ‘ಅಕ್ಕ, ನಂಗ ಇಪ್ಪತ್ತಾರಕ್ಕ ಮದುವೆ ಆದದ್ದು, ಏನೂ ಕೆಟ್ಟೋಗಿಲ್ಲ’ ಅಂದರೆ ಕೇಳುತ್ತಾಳೆ. ಹುಡುಗರನ್ನೂ ಬೇರೆ ಕೋಣೆಯಲ್ಲಿ ಕೂರಿಸಿ ಇದೇ ಮಾತಾಡಬೇಕು, ನಾಳೆ ಗಂಡನಾಗುವವನು ಅವನೇ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ತಿಂಗಳಿಗೊಮ್ಮೆ ಇದು ಮುಂದುವರಿಯಬಹುದು. ಸಂಜೆಯ ಬಸ್ಸಿನ ಹೊತ್ತು, ಕಾಲೇಜಿನ ಶೌಚಾಲಯದಂಥ ವಿಷಯಗಳನ್ನು ಮಕ್ಕಳ ಗ್ರಾಮಸಭೆಯಲ್ಲಿ, ಮಹಿಳಾ ಗ್ರಾಮಸಭೆಯಲ್ಲಿ ಎತ್ತಬಹುದು. ಇದಕ್ಕೆ ಹೊಸ ಯೋಜನೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಬೇರೆ ಬೇರೆ ದಿನ ಬೇರೆ ಬೇರೆ ಕಡೆ ಸಂಬಳದ ಮೇಲೆಯೇ ಈ ಕೆಲಸ ಮಾಡುತ್ತಿರುವವರು ಒಂದು ದಿನ ಒಂದೇ ಸೂರಿನಡಿ ಸೇರಿದರಾಯಿತು.

ಇಷ್ಟಾದರೂ ಕೆಲವರ ಮದುವೆ ಓದಿನ ನಡುವೆಯೇ ನಡೆಯುತ್ತದೆ. ಹುಡುಗಿಗೂ ಒಪ್ಪಿಗೆಯಿದ್ದರೆ, ವಯಸ್ಸು ತುಂಬಿದ್ದರೆ, ಬೇಡ ಎನ್ನಲು ನಾವ್ಯಾರು? ಆಗ ಉಳಿಯುವುದು ವೀಳ್ಯಶಾಸ್ತ್ರದ ದಿನ. ಎರಡೂ ಕಡೆಯ ಹಿರಿಯರು ಚಾಪೆಯ ಮೇಲೆ ಕೂತು ಒಡವೆ ಎಷ್ಟು, ಛತ್ರ ಯಾರದು, ಊಟಕ್ಕೆ ಎಷ್ಟು ಎಲೆ, ಬೀಗರಿಗೆ ಯಾವ ಬಟ್ಟೆ ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ. 1961ರಿಂದ ಕಾನೂನು ಬೇಡವೆಂದಿರುವ ವರದಕ್ಷಿಣೆಯೂ ಬೇರೆ ಹೆಸರಿನಲ್ಲಿ ಅಲ್ಲಿಯೇ ತೀರ್ಮಾನವಾಗುತ್ತದೆ. ಅದೇ ಚಾಪೆಯ ಮೇಲೆ ಹುಡುಗಿಯ ಅಪ್ಪ ಇನ್ನಷ್ಟು ಮಾತು ಎತ್ತಬಹುದು. ಅವಳದು ಇನ್ನು ಮೂರು ಸೆಮಿಸ್ಟರ್ ಬಾಕಿ ಇದೆ, ಅದರ ಫೀಸು ಯಾರು ಕಟ್ಟುತ್ತೀರಿ? ಪರೀಕ್ಷೆಯ ತಿಂಗಳು ತವರಿಗೆ ಕಳಿಸುತ್ತೀರಾ? ಮೊದಲ ಮಗು ಯಾವಾಗ ಎಂಬುದನ್ನು ಅವರಿಬ್ಬರಿಗೇ ಬಿಡುತ್ತೀರಾ? ಕೆಲಸ ಸಿಕ್ಕಿದ ಊರು ದೂರವಾದರೆ ಹುಡುಗ ಜೊತೆಗೆ ಹೋಗುತ್ತಾನಾ? ಸಂಬಳ ಅವಳ ಖಾತೆಯಲ್ಲೇ ಇರುತ್ತದಲ್ಲ? ಹೀಗೆ ಆಡಿದ ಮಾತಿಗೆ ಕೋರ್ಟಿನಲ್ಲಿ ಹೆಚ್ಚು ಬಲವಿಲ್ಲದಿರಬಹುದು, ಆದರೆ ಹಳ್ಳಿಯಲ್ಲಿ ಹತ್ತು ಜನ ಹಿರಿಯರ ಎದುರು ಒಪ್ಪಿದ್ದನ್ನು ಮರುವರ್ಷ ಇಲ್ಲವೆನ್ನುವುದು ಅಷ್ಟು ಸುಲಭವಲ್ಲ. ಎಲೆಗಳ ಲೆಕ್ಕ ಬರೆದುಕೊಳ್ಳುವ ಪುಸ್ತಕದಲ್ಲೇ ಇವನ್ನೂ ಬರೆದುಕೊಂಡು, ಕೆಳಗೆ ಎರಡೂ ಮನೆಯವರ ರುಜು ಹಾಕಿಸಿ, ಒಂದು ಪ್ರತಿಯನ್ನು ಹುಡುಗಿಯ ಕೈಗೆ ಕೊಡಲಿ.